ಕರೆಂಟ್ ಇಲ್ಲದಾಗ ಲ್ಯಾಪ್‌ಟಾಪ್‌ನಿಂದ ಮೊಬೈಲ್ ಚಾರ್ಜ್: ಟೈಪ್-ಸಿ ಪೋರ್ಟ್ ಎಷ್ಟು ಕೊಡುತ್ತೆ, ಎಲ್ಲಿ ಕೈಕೊಡುತ್ತೆ?

ಕೂಡ್ಲಿಗಿ: 'ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ.' ಉಪಕೇಂದ್ರದ ನಿರ್ವಹಣೆ, ಲೈನ್ ಕೆಲಸ ಅಂತ ಬರುವ ಇಂಥ ಪ್ರಕಟಣೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ಓದುಗರಿಗೆ ಹೊಸದೇನಲ್ಲ. ಬರ ಬಿದ್ದ 2023ರಲ್ಲಂತೂ ರಾಜ್ಯದ ತುಂಬಾ ಕರೆಂಟ್ ಕೊರತೆ ಎಲ್ಲರೂ ಅನುಭವಿಸಿದ್ದೇವೆ.

ಹಿಂದೆ ಕರೆಂಟ್ ಹೋದರೆ ಫ್ಯಾನು, ಮಿಕ್ಸಿ, ಹಿಟ್ಟಿನ ಗಿರಣಿ ನಿಲ್ತಿದ್ವು. ಈಗ ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಕೂಡ ಸತ್ತುಹೋದರೆ ಅಂಗಡಿ ಗಲ್ಲಾನೇ ಅರ್ಧ ಮುಚ್ಚಿದ ಹಾಗೆ. ಗಿರಾಕಿ ಸ್ಕ್ಯಾನ್ ಮಾಡಿ ದುಡ್ಡು ಹಾಕಿದ್ದು ಬಂತೋ ಇಲ್ಲವೋ ತಿಳಿಯಲ್ಲ. ಬೆಳೆ ವಿಮೆಗೆ ಕೊನೆಯ ದಿನ, ಕಾಲೇಜು ಪ್ರವೇಶಕ್ಕೆ ಕೊನೆಯ ದಿನ ಅಂತ ಅರ್ಜಿ ಹಾಕಲು ಕೂತವರಿಗೆ ಒಟಿಪಿ ಬರೋದೂ ಅದೇ ಮೊಬೈಲಿಗೆ.

ಅಂಥ ಹೊತ್ತಲ್ಲಿ ಮನೆಯಲ್ಲೋ ಅಂಗಡಿಯಲ್ಲೋ ಕರೆಂಟ್ ಉಳಿಸಿಕೊಂಡಿರೋ ದೊಡ್ಡ ಬ್ಯಾಟರಿ ಒಂದೇ ಇರ್ತದೆ, ಲ್ಯಾಪ್‌ಟಾಪಿನದು. ಅದರಿಂದ ಮೊಬೈಲ್ ಚಾರ್ಜ್ ಮಾಡಬಹುದಾ? ಎಷ್ಟು ಹೊತ್ತು ಹಿಡಿಯುತ್ತೆ? ಲ್ಯಾಪ್‌ಟಾಪ್ ಕೆಡಲ್ವಾ? ಓದುಗರು ಕಟ್ಟಿಟ್ಟುಕೊಳ್ಳಲಿ ಅಂತ ಎಲ್ಲವನ್ನೂ ಒಂದೇ ಕಡೆ ಕೊಟ್ಟಿದ್ದೇವೆ.

ಮೊದಲು ನೇರ ಉತ್ತರ

ಮಾಡಬಹುದು, ಅಪಾಯವೂ ಇಲ್ಲ. ಆದರೆ ನಿಧಾನ. ಲ್ಯಾಪ್‌ಟಾಪ್ ಬ್ಯಾಟರಿ ದೊಡ್ಡ ಕೆರೆಯೇನಲ್ಲ, ಎರಡು ಕೊಡ ನೀರಿನ ಹಂಡೆ ಅಷ್ಟೆ. ಯಾರಿಗೆ ಎಷ್ಟು ಅಂತ ಮೊದಲೇ ಹಂಚಿಕೊಂಡರೆ ಇಡೀ ದಿನ ದೂಡಬಹುದು. ಹಂಚಿಕೊಳ್ಳದೆ ಚುಚ್ಚಿ ಬಿಟ್ಟರೆ ಸಂಜೆ ಹೊತ್ತಿಗೆ ಮೊಬೈಲೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ.

ಯಾವ ಪೋರ್ಟು? ಗುರುತು ಹೀಗೆ

ಲ್ಯಾಪ್‌ಟಾಪಿನ ಪಕ್ಕದಲ್ಲಿ ಎರಡು ಥರದ ತೂತು ಕಾಣ್ತವೆ. ಚೌಕಾಕಾರದ, ಪೆನ್‌ಡ್ರೈವ್ ಹಾಕುವ ಹಳೆಯದು ಯುಎಸ್‌ಬಿ-ಎ. ಸಣ್ಣದಾಗಿ, ಎರಡೂ ತುದಿ ದುಂಡಾಗಿದ್ದು, ಪಿನ್ನು ಹೆಂಗೆ ತಿರುಗಿಸಿ ಹಾಕಿದರೂ ಕೂರುವುದು ಟೈಪ್-ಸಿ. ಈ ಟೈಪ್-ಸಿಯ ಮೊದಲ ವಿನ್ಯಾಸ ಪ್ರಕಟವಾದದ್ದು 2014ರ ಆಗಸ್ಟ್‌ನಲ್ಲಿ. 2023ರ ಜನವರಿಯಲ್ಲಿ ನಮ್ಮ ಬಿಐಎಸ್ ಕೂಡ ಟೈಪ್-ಸಿಗೆ ಭಾರತೀಯ ಮಾನದಂಡ ಹೊರತಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 15ರಿಂದ ಆಪಲ್ ಕಂಪನಿಯೂ ಇದಕ್ಕೆ ಬದಲಾಯಿತು. ಯುರೋಪ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಮೊಬೈಲ್‌ಗಳಿಗೆ ಇದನ್ನೇ ಕಡ್ಡಾಯ ಮಾಡಿದೆ. ಲ್ಯಾಪ್‌ಟಾಪ್‌ಗಳಿಗೆ ಅಲ್ಲಿ ಗೊತ್ತುಮಾಡಿದ ದಿನ 2026ರ ಏಪ್ರಿಲ್ 28. ಹಾಗಾಗಿ ಮುಂದಿನ ದಿನಗಳಲ್ಲಿ ನಿಮ್ಮ ಕೈಗೆ ಬರುವುದೆಲ್ಲ ಬಹುಪಾಲು ಇದೇ.

ತೂತು ಒಂದೇ ಥರ ಕಂಡರೂ ಕೊಡುವ ಕರೆಂಟ್ ಒಂದೇ ಅಲ್ಲ. ಪಕ್ಕದಲ್ಲಿ ಸಣ್ಣ ಬ್ಯಾಟರಿ ಚಿತ್ರವೋ ಮಿಂಚಿನ ಗುರುತೋ ಇದೆಯಾ ನೋಡಿ. ಬ್ಯಾಟರಿ ಗುರುತು ಇರುವ ಪೋರ್ಟು ಸಾಮಾನ್ಯವಾಗಿ ಚಾರ್ಜಿಂಗ್‌ಗೆ ಅಂತಲೇ ಕೊಟ್ಟದ್ದು. ಬರೀ ಮಿಂಚು ಇದ್ದರೆ ಅದು ಥಂಡರ್‌ಬೋಲ್ಟ್ ಅನ್ನುವ ಡೇಟಾ ಪೋರ್ಟಿನ ಗುರುತೂ ಆಗಿರಬಹುದು. ಅದರಿಂದಲೂ ಮೊಬೈಲ್ ಚಾರ್ಜ್ ಆಗ್ತದೆ.

ಎಷ್ಟು ವ್ಯಾಟ್, ಎಷ್ಟು ಹೊತ್ತು?

ಈಗಿನ ಹೆಚ್ಚಿನ ಮೊಬೈಲ್‌ಗಳಲ್ಲಿ 5000 ಎಂಎಎಚ್ ಬ್ಯಾಟರಿ ಇರ್ತದೆ. ಯೂನಿಟ್ ಲೆಕ್ಕದಲ್ಲಿ ಅದು ಸುಮಾರು 19 ವ್ಯಾಟ್-ಅವರ್. ಪೂರ್ತಿ ಖಾಲಿಯಾದ ಅಂಥ ಮೊಬೈಲನ್ನು ಮುಟ್ಟದೆ ಇಟ್ಟು ಚಾರ್ಜ್ ಮಾಡಿದರೆ ಹಿಡಿಯುವ ಹೊತ್ತು ಅಂದಾಜು ಹೀಗೆ:

• ಹಳೇ ಎ ಪೋರ್ಟು, ಯುಎಸ್‌ಬಿ 2.0: 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ 2.5 ವ್ಯಾಟ್. ಸುಮಾರು 10 ತಾಸು.
• ನೀಲಿ ಬಣ್ಣದ ಎ ಪೋರ್ಟು, ಯುಎಸ್‌ಬಿ 3: 4.5 ವ್ಯಾಟ್. ಐದೂವರೆಯಿಂದ ಆರು ತಾಸು.
• ಚಾರ್ಜಿಂಗ್ ಗುರುತಿನ ಎ ಪೋರ್ಟು, ಅಥವಾ ಒಂದೂವರೆ ಆಂಪಿಯರ್‌ನ ಟೈಪ್-ಸಿ: 7.5 ವ್ಯಾಟ್. ಮೂರೂವರೆಯಿಂದ ನಾಲ್ಕು ತಾಸು.
• ಮೂರು ಆಂಪಿಯರ್‌ನ ಟೈಪ್-ಸಿ: 15 ವ್ಯಾಟ್. ಎರಡರಿಂದ ಎರಡೂವರೆ ತಾಸು.

ಇದರಲ್ಲಿ ತಿಳಿಯುವುದೇನೆಂದರೆ, ಲ್ಯಾಪ್‌ಟಾಪಿನಲ್ಲಿ ಎರಡೂ ಥರದ ಪೋರ್ಟ್ ಇದ್ದರೆ ಟೈಪ್-ಸಿಗೇ ಹಾಕಿ. ಅವಸರ ಇದ್ದಾಗ ಚಾರ್ಜ್ ಆಗುತ್ತಿರುವ ಮೊಬೈಲಲ್ಲಿ ವಿಡಿಯೋ ನೋಡಬೇಡಿ, ಹಾಟ್‌ಸ್ಪಾಟ್ ಆನ್ ಇಡಬೇಡಿ. ಎರಡೂವರೆ ವ್ಯಾಟ್ ಬರುವ ಕಡೆ ಹಾಟ್‌ಸ್ಪಾಟ್ ಹಾಕಿದರೆ ಬಂದದ್ದೆಲ್ಲ ಅದಕ್ಕೇ ಸರಿಹೋಗಿ, ಶೇಕಡಾ ಏರುವುದೇ ಇಲ್ಲ. 'ಚಾರ್ಜಿಂಗ್ ಅಂತ ತೋರಿಸ್ತದೆ, ಏರಲ್ಲ' ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಸೂಪರ್ ಫಾಸ್ಟ್ ಚಾರ್ಜಿಂಗ್ ಯಾಕೆ ಬರಲ್ಲ?

'ನಂದು 80 ವ್ಯಾಟ್ ಮೊಬೈಲ್, ಅರ್ಧ ತಾಸಲ್ಲಿ ತುಂಬ್ತದೆ, ಲ್ಯಾಪ್‌ಟಾಪಿಗೆ ಹಾಕಿದ್ರೆ ಮಾತ್ರ ಆಮೆ' ಅನ್ನುವವರು ಬಹಳ ಮಂದಿ. ಮೊಬೈಲ್ ಕೆಟ್ಟಿಲ್ಲ. ಕಂಪನಿಯವರ 67, 80, 100 ವ್ಯಾಟ್ ಚಾರ್ಜಿಂಗ್ ಬರುವುದು ಅವರದೇ ಚಾರ್ಜರ್, ಅವರದೇ ಕೇಬಲ್ ಸೇರಿದಾಗ. ಮೊಬೈಲ್ ಮತ್ತು ಚಾರ್ಜರ್ ತಮ್ಮದೇ ಭಾಷೆಯಲ್ಲಿ ಮಾತಾಡಿಕೊಂಡು ಕರೆಂಟ್ ಏರಿಸಿಕೊಳ್ಳುತ್ತವೆ. ಲ್ಯಾಪ್‌ಟಾಪಿಗೆ ಆ ಭಾಷೆ ಬರಲ್ಲ. ಆಗ ಮೊಬೈಲ್ ಸಾಮಾನ್ಯ 5 ವೋಲ್ಟಿಗೆ ಇಳಿದು ನಿಧಾನಕ್ಕೆ ಕುಡಿಯುತ್ತದೆ.

ಇನ್ನೊಂದು ಗೊಂದಲ ಇದೆ. ಯುಎಸ್‌ಬಿ ಪಿಡಿ ಎಂಬ ಪದ್ಧತಿಯಲ್ಲಿ 240 ವ್ಯಾಟ್‌ವರೆಗೂ ಕೊಡಬಹುದು ಅಂತ ಓದಿರ್ತೀರಿ. ಅದು ಗೋಡೆಯ ಚಾರ್ಜರಿನಿಂದ ಲ್ಯಾಪ್‌ಟಾಪಿಗೆ ಬರುವ ಕರೆಂಟಿನ ಮಾತು. ಲ್ಯಾಪ್‌ಟಾಪ್ ತಾನು 65 ವ್ಯಾಟ್ ತಗೊಂಡರೂ ಹೊರಗೆ ಕೊಡುವುದು ಸಾಮಾನ್ಯವಾಗಿ ಏಳೂವರೆ ಅಥವಾ 15 ವ್ಯಾಟ್ ಅಷ್ಟೆ.

ಹಾಗಂತ ಮೊಬೈಲ್ ಜಾಸ್ತಿ ಎಳೆದು ಲ್ಯಾಪ್‌ಟಾಪ್ ಸುಟ್ಟುಹೋಗುತ್ತಾ ಅಂದರೆ, ಇಲ್ಲ. ಟೈಪ್-ಸಿ ಪೋರ್ಟಿನಲ್ಲಿ ಏನೂ ಚುಚ್ಚದಿದ್ದಾಗ ಕರೆಂಟೇ ಇರುವುದಿಲ್ಲ. ಪಿನ್ನು ಹಾಕಿದ ಮೇಲೆ ಎದುರಿಗಿರುವುದು ಏನು ಅಂತ ಲ್ಯಾಪ್‌ಟಾಪ್ ನೋಡಿ, 'ನಾನು ಕೊಡೋದು ಇಷ್ಟು' ಅಂತ ಹೇಳುತ್ತದೆ. ಮೊಬೈಲ್ ಅಷ್ಟರೊಳಗೇ ತಗೊಳ್ತದೆ. ಕೇಬಲ್ ಸರಿ ಇದ್ದರೆ ಈ ಮಾತುಕತೆ ತಪ್ಪುವುದಿಲ್ಲ.

ಹಂಡೆಯಲ್ಲಿ ನೀರೆಷ್ಟು? ಬ್ಯಾಟರಿ ಲೆಕ್ಕ

ಲ್ಯಾಪ್‌ಟಾಪ್ ಬ್ಯಾಟರಿಯ ಅಳತೆ ವ್ಯಾಟ್-ಅವರ್‌ನಲ್ಲಿ ಇರ್ತದೆ. ಅಂಗಡಿ, ಕಾಲೇಜು ಬಳಕೆಯ ಸಾಧಾರಣ ಲ್ಯಾಪ್‌ಟಾಪಿನಲ್ಲಿ 40ರಿಂದ 50. ನಾವು 45 ಅಂತ ಹಿಡಿಯೋಣ.

ಮೊಬೈಲಿನ 19 ವ್ಯಾಟ್-ಅವರ್ ತುಂಬಿಸಲು ಲ್ಯಾಪ್‌ಟಾಪಿನಿಂದ ಸುಮಾರು 24 ಹೋಗ್ತದೆ. ಮಧ್ಯೆ ಐದು ಬಿಸಿಯಾಗಿ ಸೋರಿಹೋಗುತ್ತದೆ. ಅಂದರೆ ಒಂದು ಮೊಬೈಲ್ ಪೂರ್ತಿ ತುಂಬಿಸಿದರೆ ಲ್ಯಾಪ್‌ಟಾಪಿನ ಅರ್ಧಕ್ಕಿಂತ ಜಾಸ್ತಿ ಖಾಲಿ. ಲ್ಯಾಪ್‌ಟಾಪ್ ಹಳೆಯದಾಗಿ ಬ್ಯಾಟರಿ ಶೇ 60ಕ್ಕೆ ಸವೆದಿದ್ದರೆ ಒಳಗಿರುವುದೇ 27. ಒಂದು ಮೊಬೈಲಿಗೆ ಮುಗೀತು.

ಇದರ ಜೊತೆ ಲ್ಯಾಪ್‌ಟಾಪನ್ನೂ ಬಳಸುತ್ತಿದ್ದರೆ? ಟೈಪಿಂಗ್, ಅರ್ಜಿ ತುಂಬುವ ಕೆಲಸಕ್ಕೆ ತಾಸಿಗೆ 10 ವ್ಯಾಟ್-ಅವರ್ ಹಿಡಿಯಿರಿ. ಬರೀ ಅದೊಂದೇ ಆದರೆ ನಾಲ್ಕೂವರೆ ತಾಸು ಬರ್ತದೆ. ಮೊಬೈಲನ್ನೂ ಚುಚ್ಚಿದರೆ ತಾಸಿಗೆ 22ರಂತೆ ಹೋಗಿ ಎರಡೇ ತಾಸಿಗೆ ಎರಡೂ ಕತೆ ಮುಗಿಯುತ್ತದೆ. ಹತ್ತಕ್ಕೆ ಕರೆಂಟ್ ಹೋದರೆ ಹನ್ನೆರಡಕ್ಕೆ ಖಾಲಿ. ಐದರ ತನಕ ಏನು ಮಾಡ್ತೀರಿ?

ಅದಕ್ಕೇ ಹಂಚಿಕೆ ಮುಖ್ಯ:

• ಪೂರ್ತಿ 100 ಮಾಡಲು ಹೋಗಬೇಡಿ. ಶೇ 20ರಿಂದ 60ಕ್ಕೆ ಏರಿಸಲು ಲ್ಯಾಪ್‌ಟಾಪಿನಿಂದ ಹೋಗುವುದು ಸುಮಾರು 10 ವ್ಯಾಟ್-ಅವರ್ ಅಷ್ಟೆ. ಅದೇ 45ರಲ್ಲಿ ನಾಲ್ಕು ಮೊಬೈಲಿಗೆ ಜೀವ ಬರ್ತದೆ.
• ಕೊನೆಯ ಶೇ 20 ಬಹಳ ನಿಧಾನ. ತುಂಬುತ್ತಾ ಬಂದಂತೆ ಮೊಬೈಲ್ ತಾನೇ ಕರೆಂಟ್ ಕಮ್ಮಿ ಮಾಡಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಮಾತ್ರ ಅಷ್ಟೂ ಹೊತ್ತು ಎಚ್ಚರ ಇರಬೇಕು.
• ಎರಡು ಪೋರ್ಟಿಗೆ ಎರಡು ಮೊಬೈಲ್ ಹಾಕಬಹುದು. ಹಂಡೆ ಮಾತ್ರ ಒಂದೇ ಅನ್ನೋದು ನೆನಪಿರಲಿ.
• ಮೊದಲ ಸರದಿ ದುಡ್ಡಿನ ಮೊಬೈಲಿಗೆ, ಅಂದರೆ ಯುಪಿಐ ಸಂದೇಶ ಮತ್ತು ಒಟಿಪಿ ಬರುವ ಸಿಮ್ ಇರುವುದಕ್ಕೆ. ಆಟ, ರೀಲ್ಸ್ ನೋಡುವ ಮೊಬೈಲ್ ಕಡೆಯದು.
• ಅಂಗಡಿಯ ಸೌಂಡ್‌ಬಾಕ್ಸ್ ಸಣ್ಣ ಹೊಟ್ಟೆಯದು. ಹಳೇ ಎ ಪೋರ್ಟೇ ಅದಕ್ಕೆ ಸಾಕು.

ವಿದ್ಯುತ್ ವ್ಯತ್ಯಯದ ಪ್ರಕಟಣೆ ಹಿಂದಿನ ದಿನವೇ ಬಂದಿದ್ದರೆ ರಾತ್ರಿಯೇ ಲ್ಯಾಪ್‌ಟಾಪ್, ಮೊಬೈಲ್ ಎರಡನ್ನೂ ತುಂಬಿಸಿ. ಲ್ಯಾಪ್‌ಟಾಪಿನಲ್ಲಿ 'ಶೇ 80ಕ್ಕೆ ನಿಲ್ಲಿಸು' ಅನ್ನುವ ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಇದ್ದರೆ ಅದೊಂದು ದಿನ ತೆಗೆಯಿರಿ.

ಲಿಡ್ ಮುಚ್ಚಿದರೆ ಚಾರ್ಜ್ ನಿಲ್ಲುತ್ತಾ?

ಹಲವು ಲ್ಯಾಪ್‌ಟಾಪ್‌ಗಳಲ್ಲಿ ನಿಲ್ಲುತ್ತದೆ. ಬ್ಯಾಟರಿ ಗುರುತಿನ ಪೋರ್ಟಿನಲ್ಲಿ ಮಾತ್ರ ಮುಚ್ಚಿದಾಗಲೂ, ಆಫ್ ಆದಾಗಲೂ ಕರೆಂಟ್ ಬರುವ ಸೌಲಭ್ಯ ಇರ್ತದೆ. ಲೆನೊವೊದಲ್ಲಿ ಇದಕ್ಕೆ 'ಆಲ್ವೇಸ್ ಆನ್ ಯುಎಸ್‌ಬಿ', ಡೆಲ್‌ನಲ್ಲಿ 'ಪವರ್‌ಶೇರ್', ಏಸರ್‌ನಲ್ಲಿ 'ಪವರ್-ಆಫ್ ಯುಎಸ್‌ಬಿ ಚಾರ್ಜಿಂಗ್' ಅಂತ ಹೆಸರು. ಕೆಲವದರಲ್ಲಿ ಮೊದಲೇ ಆನ್ ಇರ್ತದೆ, ಕೆಲವದರಲ್ಲಿ ಬಯೋಸ್ ಒಳಗೆ ಹೋಗಿ ಆನ್ ಮಾಡಬೇಕು. ಗೊತ್ತಿಲ್ಲದಿದ್ದರೆ ಲ್ಯಾಪ್‌ಟಾಪ್ ರಿಪೇರಿಯವರ ಹತ್ತಿರ ಒಮ್ಮೆ ಮಾಡಿಸಿಕೊಳ್ಳಿ. ಕರೆಂಟ್ ಇಲ್ಲದ ದಿನ ಇದರ ಬೆಲೆ ತಿಳೀತದೆ. ಪರದೆ, ಫ್ಯಾನು ಓಡಿಸುವ ಖರ್ಚು ಉಳಿದು ಬ್ಯಾಟರಿಯೆಲ್ಲ ಮೊಬೈಲಿಗೇ ಹೋಗ್ತದೆ.

ಆ ಸೌಲಭ್ಯ ಇಲ್ಲದಿದ್ದರೆ ಲಿಡ್ ತೆರೆದೇ ಇಡಿ, ಪರದೆಯ ಬೆಳಕು ಪೂರ್ತಿ ತಗ್ಗಿಸಿ, ವೈಫೈ ಬಂದ್ ಮಾಡಿ.

ಕೇಬಲ್‌ನಲ್ಲಿ ಕಂಜೂಸ್‌ತನ ಬೇಡ

ಇಡೀ ವ್ಯವಹಾರದಲ್ಲಿ ಲ್ಯಾಪ್‌ಟಾಪಿಗೆ ನಿಜವಾದ ಅಪಾಯ ಬರುವುದು ಕೆಟ್ಟ ಕೇಬಲ್‌ನಿಂದ. ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಗೂಗಲ್ ಕಂಪನಿಯ ಎಂಜಿನಿಯರ್ ಬೆನ್ಸನ್ ಲಿಯುಂಗ್ 2015ರ ಕೊನೆಯಲ್ಲಿ ಆನ್‌ಲೈನ್‌ನಲ್ಲಿ ಮಾರುವ ಟೈಪ್-ಸಿ ಕೇಬಲ್‌ಗಳನ್ನು ಒಂದೊಂದಾಗಿ ತರಿಸಿ ಪರೀಕ್ಷೆ ಮಾಡಿ ಜನರಿಗೆ ತಿಳಿಸಲು ಶುರು ಮಾಡಿದರು. 2016ರ ಫೆಬ್ರುವರಿಯಲ್ಲಿ ಹೀಗೆ ಪರೀಕ್ಷಿಸಿದ ಒಂದು ಕೇಬಲ್‌ನಲ್ಲಿ ಒಳಗಿನ ತಂತಿಗಳೇ ಅದಲುಬದಲಾಗಿದ್ದವು. ಅದನ್ನು ಚುಚ್ಚಿದ್ದೇ ತಡ, ಅವರ ಲ್ಯಾಪ್‌ಟಾಪ್ ಕೆಟ್ಟು ಕೂತಿತು. ಎಂಜಿನಿಯರ್ ಗತಿಯೇ ಹೀಗಾದರೆ ನಮ್ಮ ನಿಮ್ಮದು ಹೇಳೋದೇ ಬೇಡ.

ಅವರು ಬಯಲಿಗೆಳೆದ ಇನ್ನೊಂದು ದೋಷ ತಂತಿಯ ಅದಲುಬದಲಿಗಿಂತ ಸಾಮಾನ್ಯ. ಒಂದು ತುದಿ ಎ, ಇನ್ನೊಂದು ತುದಿ ಸಿ ಇರುವ ಕೇಬಲ್‌ನಲ್ಲಿ 56 ಕಿಲೋ-ಓಮ್‌ನ ಒಂದು ಸಣ್ಣ ರೆಸಿಸ್ಟರ್ ಇರಬೇಕು. 'ಆ ಕಡೆ ಇರೋದು ಹಳೇ ಪೋರ್ಟು, ಜಾಸ್ತಿ ಎಳೀಬೇಡ' ಅಂತ ಮೊಬೈಲಿಗೆ ಹೇಳುವುದು ಅದೇ. ತಪ್ಪು ರೆಸಿಸ್ಟರ್ ಹಾಕಿದ ಕೇಬಲ್ 'ಮೂರು ಆಂಪಿಯರ್ ಎಳಕೋ' ಅಂತ ಸುಳ್ಳು ಹೇಳುತ್ತದೆ. ಅರ್ಧ ಆಂಪಿಯರ್‌ನ ಪೋರ್ಟಿನ ಮೇಲೆ ಮೂರು ಆಂಪಿಯರ್ ಭಾರ ಬಿದ್ದರೆ ಒಳ್ಳೇ ಲ್ಯಾಪ್‌ಟಾಪ್ ಪೋರ್ಟನ್ನು ಬಂದ್ ಮಾಡಿ ತಪ್ಪಿಸಿಕೊಳ್ಳುತ್ತದೆ. ಎಲ್ಲವೂ ತಪ್ಪಿಸಿಕೊಳ್ಳುವುದಿಲ್ಲ.

ಕೊಳ್ಳುವಾಗ ಗಮನಿಸಬೇಕಾದದ್ದು:

• ಲ್ಯಾಪ್‌ಟಾಪಿನ ಟೈಪ್-ಸಿಯಿಂದ ಮೊಬೈಲಿಗೆ ಎರಡೂ ತುದಿ ಸಿ ಇರುವ ಕೇಬಲ್ ಬೇಕು. 60 ವ್ಯಾಟ್ ಅಂತ ಬರೆದ ಸಾಧಾರಣ ಕೇಬಲ್ ಧಾರಾಳ ಸಾಕು. 100 ವ್ಯಾಟ್, 240 ವ್ಯಾಟ್‌ನದ್ದು ತಂದರೆ ವೇಗ ಹೆಚ್ಚಾಗಲ್ಲ.
• ಹೆಸರಿಲ್ಲದ, ರಟ್ಟಿನ ಡಬ್ಬಿಯೂ ಇಲ್ಲದ ಕೇಬಲ್ ಗೋಡೆಯ ಚಾರ್ಜರಿಗೇ ಇರಲಿ ಅಂತಲೂ ಹೇಳಲಾಗದು. ಲ್ಯಾಪ್‌ಟಾಪಿಗಂತೂ ಬೇಡವೇ ಬೇಡ.
• ಪಿನ್ನು ಅಲ್ಲಾಡುತ್ತಿದ್ದರೆ, ಮುಟ್ಟಿದಾಗ ತುದಿ ಸುಡುತ್ತಿದ್ದರೆ ಆ ಕೇಬಲ್ ಬಿಸಾಕಿ.
• ಪವರ್ ಬ್ಯಾಂಕ್ ಮತ್ತು ಗೋಡೆಯ ಚಾರ್ಜರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಆ ಗುರುತು, ಅದರ ಕೆಳಗಿನ ನೋಂದಣಿ ಸಂಖ್ಯೆ ನೋಡಿಯೇ ತಗೊಳ್ಳಿ. ಮಾರುವವರೂ ನೋಡಿಯೇ ತರಿಸಿ. ಗಿರಾಕಿ ವಾಪಸ್ ಬಂದು ಜಗಳ ಮಾಡುವುದು ತಪ್ಪುತ್ತದೆ.

'ಸಿ ಪೋರ್ಟಿಗೆ ಹಾಕಿದ್ರೆ ಆಗಲ್ಲ, ಎ ಪೋರ್ಟಿಗೆ ಹಾಕಿದ್ರೆ ಆಗ್ತದೆ'

ಮೊಬೈಲ್ ಅಂಗಡಿಯವರು ಗಮನಿಸಿ. ಅಗ್ಗದ ನೆಕ್‌ಬ್ಯಾಂಡ್, ಟ್ರಿಮ್ಮರ್, ಟಾರ್ಚ್‌ಗಳಲ್ಲಿ ಟೈಪ್-ಸಿ ತೂತು ಇದ್ದರೂ ಒಳಗೆ ಇರಬೇಕಾದ 5.1 ಕಿಲೋ-ಓಮ್‌ನ ರೆಸಿಸ್ಟರ್ ಹಾಕಿರುವುದಿಲ್ಲ. 'ನಾನು ಚಾರ್ಜ್ ತಗೊಳ್ಳೋ ವಸ್ತು' ಅಂತ ಲ್ಯಾಪ್‌ಟಾಪಿಗೆ ತಿಳಿಸುವುದು ಆ ರೆಸಿಸ್ಟರ್. ಅದಿಲ್ಲದಿದ್ದರೆ ಟೈಪ್-ಸಿ ಪೋರ್ಟು ಕರೆಂಟೇ ಬಿಡಲ್ಲ. ಹಳೇ ಎ ಪೋರ್ಟಿನಲ್ಲಿ ಮಾತ್ರ 5 ವೋಲ್ಟ್ ಯಾವಾಗಲೂ ಇರುವುದರಿಂದ ಅಲ್ಲಿ ಚಾರ್ಜ್ ಆಗ್ತದೆ. ವಸ್ತು ಸತ್ತಿಲ್ಲ, ಲ್ಯಾಪ್‌ಟಾಪೂ ಕೆಟ್ಟಿಲ್ಲ. ಎ-ಸಿ ಕೇಬಲ್ ಹಾಕಿ ನೋಡಿ. ಸುಮ್ಮನೆ ಬದಲಾಯಿಸಿ ಕೊಡುವ ಮೊದಲು ಇದೊಂದು ಪರೀಕ್ಷೆ ಮಾಡಿದರೆ ಇಬ್ಬರಿಗೂ ಲಾಭ.

ಯಾರು ಯಾರಿಗೆ ಕೊಡ್ತಿದ್ದಾರೆ?

ಟೈಪ್-ಸಿಯಲ್ಲಿ ಕರೆಂಟ್ ಎರಡೂ ಕಡೆ ಹರಿಯಬಹುದು. ಮೊಬೈಲೂ ಬೇರೆ ವಸ್ತುವಿಗೆ ಚಾರ್ಜ್ ಕೊಡಬಲ್ಲದು. ಮೊಬೈಲಿಗೆ ಮೊಬೈಲ್ ಜೋಡಿಸಿದಾಗ, ಲ್ಯಾಪ್‌ಟಾಪಿಗೆ ಪವರ್ ಬ್ಯಾಂಕ್ ಜೋಡಿಸಿದಾಗ ಕೆಲವೊಮ್ಮೆ ಉಲ್ಟಾ ಆಗ್ತದೆ. ಪವರ್ ಬ್ಯಾಂಕ್ ತುಂಬಲಿ ಅಂತ ಹಾಕಿದರೆ ಅದೇ ಖಾಲಿಯಾಗಿ ಲ್ಯಾಪ್‌ಟಾಪ್ ತುಂಬುತ್ತದೆ. ಚುಚ್ಚಿದ ಮೇಲೆ ಒಂದು ನಿಮಿಷ ನಿಂತು ನೋಡಿ. ಆಂಡ್ರಾಯ್ಡ್ ಮೊಬೈಲಿನ ಮೇಲಿನ ಪರದೆ ಕೆಳಗೆಳೆದರೆ ಯುಎಸ್‌ಬಿ ಅಂತ ಒಂದು ಸಾಲು ಕಾಣ್ತದೆ. ಅದನ್ನು ಮುಟ್ಟಿದರೆ ಚಾರ್ಜ್ ಯಾರು ಕೊಡಬೇಕು ಅನ್ನುವುದನ್ನು ಬದಲಿಸಲು ಬಹಳಷ್ಟು ಮೊಬೈಲುಗಳಲ್ಲಿ ಅವಕಾಶ ಇದೆ.

ಬೇರೆಯವರ ಲ್ಯಾಪ್‌ಟಾಪ್, ಬೇರೆಯವರ ಮೊಬೈಲ್

ಫೆಬ್ರುವರಿ ಆಸುಪಾಸು ಬರುವ ಮೈಲಾರದ ಕಾರ್ಣಿಕ, ಕೊಟ್ಟೂರಿನ ತೇರು ನೆನಪಿಸಿಕೊಳ್ಳಿ. ದಾವಣಗೆರೆ ಕಡೆಯಿಂದ, ಇನ್ನೂ ದೂರದಿಂದ ಪಾದಯಾತ್ರೆ ಬಂದವರು, ಜನಜಂಗುಳಿಯಲ್ಲಿ ಜೊತೆಯವರನ್ನು ಕಳಕೊಂಡವರು 'ಅಣ್ಣಾ, ಐದ್ ನಿಮಿಷ ಚಾರ್ಜಿಗೆ ಹಾಕ್ಕೋತೀನ್ರೀ' ಅಂತ ಅಂಗಡಿ ಮುಂದೆ ನಿಲ್ಲುತ್ತಾರೆ. ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಅನ್ನಲೂ ಬಾರದು. ಆದರೆ ಇಬ್ಬರಿಗೂ ಸ್ವಲ್ಪ ಎಚ್ಚರ ಬೇಕು.

ಯುಎಸ್‌ಬಿ ತಂತಿಯಲ್ಲಿ ಕರೆಂಟಿನ ಜೊತೆ ಮಾಹಿತಿಯೂ ಹೋಗ್ತದೆ. ಚಾರ್ಜಿಂಗ್ ನೆಪದಲ್ಲಿ ಮೊಬೈಲಿನ ಮಾಹಿತಿ ಕದಿಯುವುದಕ್ಕೆ 'ಜ್ಯೂಸ್ ಜ್ಯಾಕಿಂಗ್' ಅಂತಾರೆ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಹೊರತಂದ ವಂಚನೆ ಜಾಗೃತಿ ಕಿರುಪುಸ್ತಕದಲ್ಲಿ ಇದನ್ನೂ ಸೇರಿಸಿದೆ. ಹೆದರಬೇಕಾಗಿಲ್ಲ, ಇಷ್ಟು ಮಾಡಿ:

• ಮೊಬೈಲ್ ಲಾಕ್ ಮಾಡಿಯೇ ಚುಚ್ಚಿ. ಚಾರ್ಜ್ ಆಗುವಾಗ ಲಾಕ್ ತೆಗೆದು ಬೇರೆಯವರ ಕೈಗೆ ಕೊಡಬೇಡಿ.
• ಆಂಡ್ರಾಯ್ಡ್‌ನಲ್ಲಿ ಫೈಲ್ ವರ್ಗಾವಣೆ ಬೇಕಾ ಅಂತ ಕೇಳಿದರೆ 'ಚಾರ್ಜಿಂಗ್ ಮಾತ್ರ' ಆರಿಸಿ. ಐಫೋನ್ 'ಈ ಕಂಪ್ಯೂಟರನ್ನು ನಂಬುತ್ತೀರಾ' ಅಂತ ಕೇಳಿದರೆ ನಂಬಲ್ಲ ಅನ್ನಿ. ಚಾರ್ಜ್ ಹೇಗೂ ಆಗ್ತದೆ.
• ಯುಎಸ್‌ಬಿ ಡಿಬಗ್ಗಿಂಗ್ ಅನ್ನುವ ಸೆಟ್ಟಿಂಗ್ ಯಾವತ್ತೂ ಆಫ್ ಇರಲಿ.
• ಅಂಗಡಿಯವರು ಗ್ರಾಹಕರ ದಾಖಲೆ ಇರುವ ಲ್ಯಾಪ್‌ಟಾಪಿಗೆ ಅಪರಿಚಿತರ ಮೊಬೈಲ್ ಹಾಕಿಕೊಳ್ಳುವ ಬದಲು ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳುವುದು ಒಳ್ಳೆಯದು. 20,000 ಎಂಎಎಚ್‌ನದ್ದರಲ್ಲಿ 74 ವ್ಯಾಟ್-ಅವರ್ ಇರ್ತದೆ, ಸಾಧಾರಣ ಲ್ಯಾಪ್‌ಟಾಪಿಗಿಂತ ಜಾಸ್ತಿ.

ದುಡ್ಡು ಹೋದದ್ದು ಗೊತ್ತಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳ್ತೀರೋ ಅಷ್ಟು ದುಡ್ಡು ಉಳಿಯುವ ಸಾಧ್ಯತೆ.

ನಮ್ಮ ಬಿಸಿಲು, ನಮ್ಮ ಗುಡುಗು

ಐಫೋನ್ ಬಳಸಲು ಆಪಲ್ ಹೇಳುವ ಹೊರಗಿನ ಉಷ್ಣಾಂಶ 0ರಿಂದ 35 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಮುಟ್ಟುವುದು ಮಾಮೂಲು. ಫ್ಯಾನ್ ಇಲ್ಲದ ತಗಡಿನ ಶೀಟಿನ ಅಂಗಡಿಯಲ್ಲಿ ಬಿಸಿ ಲ್ಯಾಪ್‌ಟಾಪಿನ ಮೇಲೆಯೇ ಮೊಬೈಲ್ ಇಟ್ಟು ಚಾರ್ಜ್ ಮಾಡಿದರೆ ಎರಡೂ ಕಾದು ಚಾರ್ಜ್ ತಾನಾಗಿ ನಿಧಾನ ಆಗ್ತದೆ. ಬ್ಯಾಟರಿಯ ಆಯಸ್ಸೂ ಕಮ್ಮಿ. ಮೊಬೈಲಿನ ಕವರ್ ತೆಗೆದು, ಲ್ಯಾಪ್‌ಟಾಪಿನಿಂದ ಒಂದು ಗೇಣು ದೂರ, ನೆರಳಲ್ಲಿ ಇಡಿ. ಹಾಸಿಗೆ, ದಿಂಬಿನ ಮೇಲೆ ಬೇಡ.

ಮುಂಗಾರು ಪೂರ್ವದ ಗುಡುಗು ಮಿಂಚಿನ ಹೊತ್ತಲ್ಲಿ ಈ ಪದ್ಧತಿಯದು ಒಂದು ಲಾಭವೂ ಇದೆ. ಲ್ಯಾಪ್‌ಟಾಪಿನ ಅಡಾಪ್ಟರ್ ಗೋಡೆಯಿಂದ ಕಿತ್ತು, ಬರೀ ಬ್ಯಾಟರಿಯಿಂದ ಮೊಬೈಲ್ ಚಾರ್ಜ್ ಮಾಡಿದರೆ ಲೈನಿನಲ್ಲಿ ಬರುವ ಹೊಡೆತ ಎರಡಕ್ಕೂ ತಾಗುವುದಿಲ್ಲ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಕರೆಂಟ್ ಹೋಗಿ ಬಂದು ಆಡುವಾಗಲೂ ಇದೇ ನಿಯಮ.

ಮೊಬೈಲ್ ಚುಚ್ಚಿದಾಗ ಅದರ ಲೋಹದ ಅಂಚು ಮುಟ್ಟಿದರೆ 'ಜುಂ' ಅನ್ನುತ್ತದೆಯೇ? ಅಡಾಪ್ಟರ್ ಗೋಡೆಯಲ್ಲಿ ಇದ್ದು, ಅಂಗಡಿಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಹೀಗೆ ಆಗ್ತದೆ. ಪ್ಲಗ್ ಕಿತ್ತು ನೋಡಿ, ನಿಂತರೆ ಅದೇ ಕಾರಣ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸಿ ಬಳಸಬೇಡಿ, ವೈರಿಂಗ್‌ನವರಿಂದ ಅರ್ಥಿಂಗ್ ನೋಡಿಸಿ. ಇದು ಮೊಬೈಲಿಗಿಂತ ನಿಮ್ಮ ಜೀವಕ್ಕೆ ಸಂಬಂಧಿಸಿದ್ದು.

ನೆನಪಿಡಲು ಇಷ್ಟು ಸಾಕು

1. ಹಿಂದಿನ ರಾತ್ರಿಯೇ ಲ್ಯಾಪ್‌ಟಾಪ್ ತುಂಬಿಸಿ.
2. ಟೈಪ್-ಸಿ ಪೋರ್ಟಿಗೆ, ಒಳ್ಳೇ ಸಿ-ಸಿ ಕೇಬಲ್‌ನಿಂದ ಹಾಕಿ.
3. 'ಚಾರ್ಜಿಂಗ್ ಮಾತ್ರ' ಆರಿಸಿ. ಏರ್ತಿದೆಯಾ ಅಂತ ಒಂದು ನಿಮಿಷ ನೋಡಿ.
4. ಶೇ 60 ಆದೊಡನೆ ತೆಗೆಯಿರಿ, ಮುಂದಿನವರಿಗೆ ಬಿಡಿ.
5. ಲ್ಯಾಪ್‌ಟಾಪ್ ಶೇ 20ಕ್ಕೆ ಇಳಿದರೆ ನಿಲ್ಲಿಸಿ. ಅರ್ಜಿ ಕಳಿಸುವ ಕೆಲಸ ಬಾಕಿ ಇದ್ದರೆ ಅದಕ್ಕಿಂತ ಮುಂಚೆಯೇ ನಿಲ್ಲಿಸಿ. ಒಟಿಪಿ ಬಂದು, ಅದನ್ನು ಹಾಕಲು ಲ್ಯಾಪ್‌ಟಾಪೇ ಇಲ್ಲದ ಹಾಗೆ ಆಗಬಾರದು.

ಮನೆಯಲ್ಲಿ ಓದುವ ಮಕ್ಕಳು, ಅಕ್ಕಪಕ್ಕದ ಅಂಗಡಿಯವರು ಇದ್ದರೆ ಅವರಿಗೂ ಓದಿ ಹೇಳಿ. ಮುಂದಿನ ಸಲ ವಿದ್ಯುತ್ ವ್ಯತ್ಯಯದ ಪ್ರಕಟಣೆ ಬಂದಾಗ ಉಪಯೋಗಕ್ಕೆ ಬರ್ತದೆ.